ಉದ್ಯೋಗ ವಿನಿಮಯದಿಂದ ಬೀಡಿ ಪಾಸ್‌ಬುಕ್‌ವರೆಗೆ: ಉಡುಪಿಯಲ್ಲಿ ಕೆಲಸ ಮತ್ತು ಆಸರೆ

ಭಾರತದಲ್ಲಿ ಉದ್ಯೋಗ ವಿನಿಮಯ ಕಚೇರಿಗಳು ಮೊದಲು ತೆರೆದದ್ದು 1945ರಲ್ಲಿ. ಎರಡನೇ ಮಹಾಯುದ್ಧ ಮುಗಿಸಿ ಊರಿಗೆ ಮರಳುತ್ತಿದ್ದ ಸೈನಿಕರಿಗೆ ಬೇರೆ ಕೆಲಸ ಹುಡುಕಿಕೊಡುವುದು ಆಗಿನ ಉದ್ದೇಶ. ದೇಶ ಇಬ್ಭಾಗವಾದ ಮೇಲೆ ನಿರಾಶ್ರಿತರು ಇವುಗಳ ಬಾಗಿಲಿಗೆ ಬಂದರು. 1948ರಲ್ಲಿ ಕೆಲಸ ಬೇಕೆನ್ನುವ ಎಲ್ಲರಿಗೂ ಅವು ತೆರೆದುಕೊಂಡವು. ಈ ವ್ಯವಸ್ಥೆ ಹೇಗೆ ಮುಂದುವರಿಯಬೇಕೆಂದು ಪರಿಶೀಲಿಸಲು ನೇಮಕವಾದ ಸಮಿತಿಗೆ ಬೆನಗಲ್ ಶಿವರಾವ್ ಅಧ್ಯಕ್ಷರಾಗಿದ್ದರು. ಪತ್ರಕರ್ತರೂ ಸಂವಿಧಾನ ಸಭೆಯ ಸದಸ್ಯರೂ ಆಗಿದ್ದ ಅವರು ಮೊದಲ ಲೋಕಸಭೆಯಲ್ಲಿ ದಕ್ಷಿಣ ಕನ್ನಡದ ದಕ್ಷಿಣ ಭಾಗವನ್ನು ಪ್ರತಿನಿಧಿಸಿದವರು. ಸಮಿತಿಯ ಸಲಹೆಯಂತೆ 1956ರ ನವೆಂಬರ್ 1ರಂದು ಕಚೇರಿಗಳ ಆಡಳಿತ ರಾಜ್ಯಗಳ ಕೈಗೆ ಬಂತು. ದಕ್ಷಿಣ ಕನ್ನಡ ಮದರಾಸು ಬಿಟ್ಟು ಮೈಸೂರು ರಾಜ್ಯ ಸೇರಿದ್ದೂ ಅದೇ ದಿನ.

1997ರ ಆಗಸ್ಟ್‌ನಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ಈಗ ಮಣಿಪಾಲದ ರಜತಾದ್ರಿಯಲ್ಲಿದೆ. ಇಲ್ಲಿ ಹೆಸರು ನೋಂದಾಯಿಸಲು ಅಂಕಪಟ್ಟಿ, ವಿಳಾಸದ ದಾಖಲೆ, ಮೀಸಲಾತಿ ಇದ್ದವರಿಗೆ ಜಾತಿ ಪ್ರಮಾಣಪತ್ರ ಬೇಕು. ಮೂರು ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಹಿರಿತನ ಹೋಗುತ್ತದೆ. ಕಚೇರಿಗೆ ಹಿಂದಿನ ಬಿಗಿ ಈಗಿಲ್ಲ. 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಯನ್ನು ಕಚೇರಿಗೆ ತಿಳಿಸಬೇಕೆಂದು 1959ರ ಕಾಯ್ದೆ ಹೇಳಿತ್ತು. ಇಲ್ಲಿ ನೋಂದಾಯಿಸಿದವರನ್ನೇ ನೇಮಿಸಬೇಕೆಂದು ಹೇಳಿರಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ಸರ್ಕಾರಿ ಹುದ್ದೆಗಳಿಗೂ ವಿನಿಮಯ ಕಚೇರಿಯ ಪಟ್ಟಿಯೊಂದೇ ಸಾಲದು, ಪತ್ರಿಕೆಯಲ್ಲಿ ಪ್ರಕಟಣೆಯೂ ಬೇಕು ಎಂದಿತು. ಅಲ್ಲಿಂದೀಚೆಗೆ ಕಚೇರಿಯ ಮುಖ್ಯ ಕೆಲಸ ಉದ್ಯೋಗ ಮೇಳ, ವೃತ್ತಿ ಮಾರ್ಗದರ್ಶನ ಹಾಗೂ 2015ರಲ್ಲಿ ಆರಂಭವಾದ ರಾಷ್ಟ್ರೀಯ ವೃತ್ತಿ ಸೇವಾ ಜಾಲತಾಣದ ನೋಂದಣಿ. ಹಾಗಿದ್ದರೂ ಹೊಸಬರು ಮೊದಲು ಹತ್ತಬೇಕಾದ ಮೆಟ್ಟಿಲು ಇದೇ, ಏಕೆಂದರೆ ಯಾವ ಮೇಳ ಎಲ್ಲಿ, ಯಾವ ತರಬೇತಿಗೆ ಅರ್ಜಿ ಕರೆದಿದೆ ಎಂಬ ಮಾಹಿತಿ ಒಂದೇ ಕಡೆ ಸಿಗುತ್ತದೆ.

ತರಬೇತಿಯ ವಿಷಯದಲ್ಲಿ ಈ ಸೀಮೆ ದೇಶಕ್ಕೇ ದಾರಿ ತೋರಿಸಿದೆ. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು, ಕೈಮಗ್ಗ ಕುಸಿದು ಕಂಗಾಲಾಗಿದ್ದ ನೇಕಾರರಿಗೆ ನೆರವಾಗಲೆಂದೇ ಹುಟ್ಟಿದ್ದು. 1928ರಿಂದ ಅದರ ಪಿಗ್ಮಿ ಏಜೆಂಟರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಉಳಿತಾಯ ಸಂಗ್ರಹಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಇದೇ ಸಂಸ್ಥೆ 1982ರಲ್ಲಿ ಕೆನರಾ ಬ್ಯಾಂಕ್ ಮತ್ತು ಧರ್ಮಸ್ಥಳದ ಶಿಕ್ಷಣ ಟ್ರಸ್ಟ್ ಜೊತೆಗೂಡಿ ಉಜಿರೆಯಲ್ಲಿ ರುಡ್‌ಸೆಟ್ ಎಂಬ ಸ್ವ ಉದ್ಯೋಗ ತರಬೇತಿ ಸಂಸ್ಥೆಯನ್ನು ತೆರೆಯಿತು. ಕಲಿಯುವವರಿಗೆ ಊಟ, ವಸತಿ, ಪಾಠ ಎಲ್ಲವೂ ಉಚಿತ. ಕೆಲವು ವಾರಗಳ ಕಲಿಕೆಯ ನಂತರ ಸಾಲ ಪಡೆಯಲು ನೆರವು, ಅಂಗಡಿ ಹಾಕಿದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ಳುವ ಪದ್ಧತಿ. ಕೇಂದ್ರ ಸರ್ಕಾರ 2009ರಲ್ಲಿ ಜಿಲ್ಲೆಗೊಂದರಂತೆ ಇಂಥ ಸಂಸ್ಥೆ ಇರಬೇಕೆಂದು ತೀರ್ಮಾನಿಸಿದಾಗ ಕಣ್ಣ ಮುಂದಿದ್ದದ್ದು ಉಜಿರೆಯ ಮಾದರಿ. ಉಡುಪಿ ಜಿಲ್ಲೆಯವರಿಗೆ ಬ್ರಹ್ಮಾವರದ ರುಡ್‌ಸೆಟ್ ಹತ್ತಿರ. ಹೊಲಿಗೆ, ಮೊಬೈಲ್ ರಿಪೇರಿ, ಬ್ಯೂಟಿ ಪಾರ್ಲರ್, ಹೈನುಗಾರಿಕೆ ಮುಂತಾದವನ್ನು ಅಲ್ಲಿ ಕಲಿಸುತ್ತಾರೆ. ಮಣಿಪಾಲದ ಪಕ್ಕದ ಪೆರಂಪಳ್ಳಿಯಲ್ಲಿರುವ ಭಾರತೀಯ ವಿಕಾಸ ಟ್ರಸ್ಟ್ ಸೌರಶಕ್ತಿ ಆಧರಿಸಿದ ಸ್ವ ಉದ್ಯೋಗಗಳಿಗೆ ತರಬೇತಿ ಕೊಡುತ್ತದೆ.

ಕಲಿತವರು ಸ್ವಂತ ಘಟಕ ಹಾಕುವುದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಗೆ ಅರ್ಜಿ ಹಾಕಬಹುದು. ವೆಚ್ಚದ ಶೇ 15ರಿಂದ 35ರಷ್ಟು ಸಹಾಯಧನ ಇದೆ. ಬೀದಿ ಬದಿ ವ್ಯಾಪಾರಿಗಳ ಸ್ವನಿಧಿ ಸಾಲಕ್ಕೆ ಸ್ಥಳೀಯ ಸಂಸ್ಥೆಯ ಗುರುತಿನ ಚೀಟಿ ಬೇಕು. ಮಣಿಪಾಲದವರು ಅದಕ್ಕಾಗಿ ಹೋಗಬೇಕಾದದ್ದು ಉಡುಪಿ ನಗರಸಭೆಗೆ. ಕಾಪು, ಕಾರ್ಕಳದವರಿಗೆ ಅವರವರ ಪುರಸಭೆ.

ಓದು ಮುಗಿಸಿ ಕೆಲಸ ಸಿಗದೆ ಇರುವವರಿಗೆ ರಾಜ್ಯ ಸರ್ಕಾರದ ಯುವನಿಧಿ ಇದೆ. 2023ರ ಡಿಸೆಂಬರ್‌ನಲ್ಲಿ ನೋಂದಣಿ ತೆರೆದ ಈ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು, ಮೇಲಿನ ಓದಿಗೂ ಸೇರಿರಬಾರದು. ಇನ್ನೂ ನಿರುದ್ಯೋಗಿ ಎಂಬ ಸ್ವಯಂ ಘೋಷಣೆಯನ್ನು ಆಗಾಗ ಸಲ್ಲಿಸುತ್ತಿರಬೇಕು. ಮರೆತರೆ ಹಣ ನಿಲ್ಲುತ್ತದೆ. ಇದು ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಮಣಿಪಾಲಕ್ಕೆ ಓದಲು ಬಂದು ಇಲ್ಲೇ ಕೆಲಸ ಹುಡುಕುತ್ತಿರುವ ಹೊರ ರಾಜ್ಯದವರಿಗೆ ಅನ್ವಯಿಸುವುದಿಲ್ಲ.

ಕೆಲಸ ಸಿಕ್ಕಿದ ಮೇಲೆ ಆಸರೆಯ ಸ್ವರೂಪ ಬದಲಾಗುತ್ತದೆ. ಕಾರ್ಕಳದ ಗೇರುಬೀಜ ಕಾರ್ಖಾನೆ, ಕಾಪು ತಾಲೂಕಿನ ನಂದಿಕೂರಿನ ಕೈಗಾರಿಕೆ, ಉಡುಪಿಯ ಹೋಟೆಲು, ಆಸ್ಪತ್ರೆ, ಎಲ್ಲಿಯೇ ಆಗಲಿ, ಹತ್ತು ಅಥವಾ ಹೆಚ್ಚು ನೌಕರರಿದ್ದು ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗಿದ್ದರೆ ನೌಕರರ ರಾಜ್ಯ ವಿಮೆ (ಇಎಸ್‌ಐ) ಸಿಗಬೇಕು. ನೌಕರರ ಸಂಬಳದಿಂದ ಕಳೆಯುವುದು ಶೇ 0.75, ಮಾಲೀಕರು ಹಾಕುವುದು ಶೇ 3.25. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ ವಂತಿಗೆ ಕಟ್ಟಿದವರಿಗೆ ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ದೊರೆಯುತ್ತದೆ. ಹೆರಿಗೆಗೆ 26 ವಾರಗಳ ಸಂಬಳವೂ ಇದೆ. ಕೆಲಸ ಕಳೆದುಕೊಂಡ ವಿಮಾದಾರರಿಗೆ 90 ದಿನದವರೆಗೆ ಅರ್ಧ ಸಂಬಳ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ 2018ರಲ್ಲಿ ಶುರುವಾಯಿತು. ಇದನ್ನು ಕೇಳಿ ಪಡೆಯುವವರು ಕಡಿಮೆ. ಹೋಟೆಲು, ಅಂಗಡಿಗಳಲ್ಲಿ ದುಡಿಯುವವರು ತಮ್ಮ ಇಎಸ್‌ಐ ಸಂಖ್ಯೆ, ಭವಿಷ್ಯ ನಿಧಿಯ ಯುಎಎನ್ ಸಂಖ್ಯೆ ಎರಡನ್ನೂ ಕೆಲಸಕ್ಕೆ ಸೇರಿದ ತಿಂಗಳಲ್ಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಕೆಲಸ ಬಿಟ್ಟ ಮೇಲೆ ಹಳೆಯ ಮಾಲೀಕರಿಂದ ಅವನ್ನು ಪಡೆಯಲು ಅಲೆದಾಡುವ ಕಷ್ಟ ದೊಡ್ಡದು.

ದಾಖಲೆ ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಈ ಜಿಲ್ಲೆಯ ಬೀಡಿ ಕಾರ್ಮಿಕರೇ ಸಾಕ್ಷಿ. ಕಾರ್ಕಳದ ಹಳ್ಳಿಗಳಲ್ಲಿ, ಕಾಪುವಿನ ಸುತ್ತಮುತ್ತ, ಹೆಂಗಸರು ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತ ಬಂದಿದ್ದಾರೆ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು, ಕಟ್ಟಿದ ಬೀಡಿಯನ್ನು ಅಲ್ಲಿಗೇ ಒಪ್ಪಿಸುವುದು ರೂಢಿ. ಮನೆಯಲ್ಲಿ ಕೂತು ದುಡಿಯುವವರು ನಮ್ಮ ನೌಕರರಲ್ಲ ಎಂದು ವಾದಿಸಿ ಬೀಡಿ ಉದ್ಯಮದವರು ಭವಿಷ್ಯ ನಿಧಿಯಿಂದ ತಪ್ಪಿಸಿಕೊಳ್ಳಲು ನೋಡಿದ್ದರು. 1985ರಲ್ಲಿ ಸುಪ್ರೀಂ ಕೋರ್ಟು ಆ ವಾದ ತಳ್ಳಿಹಾಕಿ, ಮನೆಯಲ್ಲೇ ಬೀಡಿ ಕಟ್ಟುವವರಿಗೂ 1977ರಿಂದಲೇ ಭವಿಷ್ಯ ನಿಧಿ ಅನ್ವಯವಾಗುತ್ತದೆ ಎಂದು ತೀರ್ಪಿತ್ತಿತು. ಬೀಡಿ ಲೆಕ್ಕದ ಪಾಸ್‌ಬುಕ್ಕು ಹಾಗೂ ಕಲ್ಯಾಣ ನಿಧಿಯ ಗುರುತಿನ ಚೀಟಿ ಇದ್ದವರ ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆಯವರಿಗೆ ಬೀಡಿ ಆಸ್ಪತ್ರೆಯ ಚಿಕಿತ್ಸೆ ದೊರೆಯಿತು. ಕಲ್ಯಾಣ ನಿಧಿಯ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾದರೂ ಗುರುತಿನ ಚೀಟಿಯ ಬೆಲೆ ಹೋಗಿಲ್ಲ. ಮನೆಯಲ್ಲೇ ಕೂತು ದುಡಿದ ಹೆಂಗಸರು ಗಳಿಸಿಕೊಂಡ ಈ ಹಕ್ಕು ಕರಾವಳಿಯ ಕಾರ್ಮಿಕ ಚರಿತ್ರೆಯಲ್ಲಿ ದೊಡ್ಡ ಸಂಗತಿ.

ಕಟ್ಟಡ ಕಾರ್ಮಿಕರ ಸ್ಥಿತಿ ಬೇರೆ. ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದು ಉಡುಪಿ, ಮಣಿಪಾಲದ ಕಟ್ಟಡಗಳನ್ನು ಕಟ್ಟಿದವರಿಗೆ ಕಾನೂನಿನಲ್ಲಿ ಸವಲತ್ತು ಹೇರಳ. 1996ರ ಕೇಂದ್ರ ಕಾಯ್ದೆಯಿಂದ ಬಂದ ನಿಯಮದಂತೆ ದೊಡ್ಡ ಕಟ್ಟಡಗಳ ವೆಚ್ಚದ ಶೇ 1ರಷ್ಟು ಸೆಸ್ ಕಾರ್ಮಿಕ ಕಲ್ಯಾಣ ಮಂಡಳಿಗೆ ಸೇರುತ್ತದೆ. ಮಣಿಪಾಲದ ಗುಡ್ಡದ ಮೇಲೆ ಎದ್ದ ಎತ್ತರದ ಕಟ್ಟಡಗಳ ಪಾಲೂ ಅದರಲ್ಲಿದೆ. ಮದುವೆಗೆ 60,000 ರೂಪಾಯಿ, ಮಕ್ಕಳ ಓದಿಗೆ ಸಹಾಯ, ಹೆರಿಗೆ ನೆರವು, ಅಪಘಾತ ಪರಿಹಾರ, 60 ದಾಟಿದ ಮೇಲೆ ಪಿಂಚಣಿ ಇವೆ. ನೋಂದಣಿಗೆ ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು. ತೊಡಕು ಇಲ್ಲಿಯೇ. ದಿನಕ್ಕೊಬ್ಬ ಮೇಸ್ತ್ರಿಯ ಕೈಕೆಳಗೆ ದುಡಿಯುವವರಿಗೆ 90 ದಿನದ ಚೀಟಿ ಬರೆದುಕೊಡುವವರು ಯಾರು? ಕಚೇರಿಗೆ ಹೋದರೆ ಅಂದಿನ ಕೂಲಿ ತಪ್ಪುತ್ತದೆ. ಕಾರ್ಮಿಕರು ಬೆಳಿಗ್ಗೆ ಸೇರುವ ಜಾಗಗಳಲ್ಲಿಯೇ, ರಜೆಯ ದಿನ, ಇಲಾಖೆ ನೋಂದಣಿ ಶಿಬಿರ ನಡೆಸಿದರೆ ಸಂಗ್ರಹವಾದ ಸೆಸ್ ಅದರ ಹಕ್ಕುದಾರರಿಗೆ ತಲುಪೀತು.

ಮಲ್ಪೆ ಬಂದರಿನ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ನಿಷೇಧ. ಸಹಕಾರ ಸಂಘದ ಸದಸ್ಯರಾದ ಮೀನುಗಾರರಿಗೆ ಈ ಬಿಡುವಿಗಾಗಿ ಉಳಿತಾಯ ಪರಿಹಾರ ಯೋಜನೆ ಇದೆ: ಮೀನುಗಾರರ ಉಳಿತಾಯಕ್ಕೆ ಸರ್ಕಾರಗಳೂ ಹಣ ಸೇರಿಸಿ ಮಳೆಗಾಲದಲ್ಲಿ ಹಿಂದಿರುಗಿಸುತ್ತವೆ. ಬೇರೆ ಊರುಗಳಿಂದ ಬಂದು ಬಂದರಿನಲ್ಲಿ ದುಡಿಯುವ ಕೂಲಿಗಳು ಸಂಘದ ಸದಸ್ಯರಲ್ಲದಿದ್ದರೆ ಇದರ ಹೊರಗೇ ಉಳಿಯುತ್ತಾರೆ.

ಮಣಿಪಾಲದ ರಸ್ತೆಗಳಲ್ಲಿ ಊಟದ ಪೊಟ್ಟಣ ಹೊತ್ತು ಓಡುವ ಡೆಲಿವರಿ ಹುಡುಗರಿಗೆ ಕಾನೂನಿನ ಬಲ ಬಂದದ್ದು ಇತ್ತೀಚೆಗೆ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ತಂದು, ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕೆಂದಿತು. ಅದೇ ವರ್ಷ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ ಇಎಸ್‌ಐ, ಭವಿಷ್ಯ ನಿಧಿ, ಕಟ್ಟಡ ಕಾರ್ಮಿಕರ ಸೆಸ್, ಉದ್ಯೋಗ ವಿನಿಮಯ ಇವೆಲ್ಲವನ್ನೂ ಒಂದೇ ಕಾನೂನಿನಡಿ ತಂದಿದೆ. ಭವಿಷ್ಯ ನಿಧಿ, ಇಎಸ್‌ಐ ಇಲ್ಲದ ಉಳಿದ ಅಸಂಘಟಿತ ಕಾರ್ಮಿಕರಿಗೆ 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್ ನೋಂದಣಿ ಇದೆ. ಹೊರ ಜಿಲ್ಲೆಯಿಂದ ಬಂದವರು ಊರಿನ ಪಡಿತರ ಚೀಟಿಯನ್ನು ರದ್ದು ಮಾಡಿಸಬೇಕಿಲ್ಲ. ಬೆರಳಚ್ಚು ಕೊಟ್ಟು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಅಕ್ಕಿ ಪಡೆಯಬಹುದು. ಕೂಲಿ ಬಾಕಿ ಉಳಿಸಿಕೊಂಡ ಮಾಲೀಕರ ಮೇಲಿನ ದೂರಿಗೆ ಕಾರ್ಮಿಕ ನಿರೀಕ್ಷಕರ ಕಚೇರಿ ಇದೆ, ಅಲ್ಲಿ ದೂರು ಕೊಡಲು ಉಡುಪಿಯ ವಿಳಾಸ ಇರಬೇಕೆಂಬ ನಿಯಮವಿಲ್ಲ.