ಕೆರೆಯ ಆರು ದೋಷಗಳೂ ತುಂಗಭದ್ರಾ ಜಲಾಶಯವೂ

ಕಡಪೆ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಪುತ್ರನಾದ ಭಾಸ್ಕರನು ಕ್ರಿ. ಶ. 1369ರಲ್ಲಿ ಕಟ್ಟಿಸಿದ ಕೆರೆಯೊಂದುಂಟು. ಅಲ್ಲಿಯ ಸಂಸ್ಕೃತ ಶಾಸನವು ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ, ತಗಲಬಹುದಾದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಏರಿಯಲ್ಲಿ ನೀರು ಒಸರುವುದು, ನೆಲ ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ದಿಬ್ಬವೇಳುವುದು, ನೀರು ಅಲ್ಪವಾಗಿ ನೆಲ ವಿಸ್ತಾರವಾಗಿರುವುದು, ನೆಲ ಅಲ್ಪವಾಗಿ ನೀರು ಅತಿಯಾಗಿರುವುದು ಎಂಬಿವೇ ಆ ಆರು.

ಸಂಡೂರಿನ ಬೆಟ್ಟಗಳನ್ನಿಳಿದು ಹೊಸಪೇಟೆಗೆ ಬಂದವರು ಸಾಗರದಂತೆ ಹರಡಿರುವ ತುಂಗಭದ್ರಾ ಜಲಾಶಯವನ್ನು ನೋಡಿ ಕಣ್ದಣಿಯುತ್ತಾರಷ್ಟೆ. ನಾವು ಅದನ್ನು ಈ ಶಾಸನದ ಅಳತೆಗೋಲಿನಿಂದ ಒಮ್ಮೆ ನೋಡೋಣವೆಂದು ಹೊರಟಿದ್ದೇವೆ.

ಮೂರನೆಯ ದೋಷವಂತೂ ಇದಕ್ಕೆ ಹುಟ್ಟಿನಿಂದಲೇ ಬಂದುದು. 1945ನೆಯ ಫೆಬ್ರವರಿ 28ರಂದು ಶಂಕುಸ್ಥಾಪನೆಯಾದಾಗ ನದಿಯ ಒಂದು ದಡ ನಿಜಾಮರದು, ಇನ್ನೊಂದು ದಡ ಮದರಾಸು ಸರಕಾರದ್ದು. 1953ರಲ್ಲಿ ನೀರು ನಿಂತಿತು. ಆ ವರ್ಷವೇ ಆಂಧ್ರ ರಾಜ್ಯ ಹುಟ್ಟಿತು. ಹಂಚಿಕೆಯನ್ನು ನೋಡಿಕೊಳ್ಳಲು ತುಂಗಭದ್ರಾ ಮಂಡಳಿಯೂ ಏರ್ಪಟ್ಟಿತು. ಈಗ ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳು ಮೂವರು ಪಾಲುದಾರರು. ದಾಯಾದಿಗಳ ನಡುವೆ ಒಂದು ಪಂಚಾಯತಿಯನ್ನಿಟ್ಟು ಗಡಿಯ ದೋಷವನ್ನು ತಕ್ಕಮಟ್ಟಿಗೆ ಪರಿಹರಿಸಬಹುದೆಂಬುದು ಶಾಸನಕಾರನಿಗೆ ಹೊಳೆದಿರಲಿಕ್ಕಿಲ್ಲ.

ನಾಲ್ಕನೆಯದು ಹೂಳು. ಮೊದಲು ಈ ಜಲಾಶಯದಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದಿತು. (ಒಂದು ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ.) ಈಚಿನ ಅಳತೆಯಂತೆ ಹಿಡಿಯುವುದು 105.788 ಮಾತ್ರ. ಊರ ಕೆರೆಯಾದರೆ ಬೇಸಗೆಯಲ್ಲಿ ಒಕ್ಕಲಿಗರು ಗಾಡಿ ಹೂಡಿ ಹೂಳೆತ್ತಿ ಹೊಲಕ್ಕೆ ಹಾಕುತ್ತಿದ್ದರು. ಇಷ್ಟು ದೊಡ್ಡ ಕೆರೆಯ ಹೂಳನ್ನು ಎಲ್ಲಿಗೆ ಸಾಗಿಸುವುದು?

ಐದನೆಯ ದೋಷವನ್ನು ಮನುಷ್ಯನೇ ತಂದುಕೊಂಡನು. ಯೋಜನೆ ಮಾಡಿದವರು ಬಹುಪಾಲು ನೆಲಕ್ಕೆ ಜೋಳ, ಹತ್ತಿ ಮೊದಲಾದ ಮಿತನೀರಿನ ಬೆಳೆಗಳನ್ನು ಉದ್ದೇಶಿಸಿದ್ದರು. ಎಡದಂಡೆ ಕಾಲುವೆಯ ಮೇಲ್ಭಾಗದವರು ಬತ್ತದ ರುಚಿ ಕಂಡರು. ಕೊನೆಯಲ್ಲಿರುವ ರಾಯಚೂರು ಕಡೆಯವರು ಕಾಲುವೆ ಕಾಯುತ್ತ ಕುಳಿತರು. ಹಿಂದಿನ ಕೆರೆಗಳಿಗೆ ನೀರುಗಂಟಿಯೊಬ್ಬನಿರುತ್ತಿದ್ದನು. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವನಿಗೆ ಬಾಯಿಪಾಠ. ನೂರಾರು ಮೈಲಿಯ ಕಾಲುವೆಗೆ ಅಂತಹ ನೀರುಗಂಟಿಯನ್ನು ಎಲ್ಲಿಂದ ತರೋಣ?

ಆದರೆ ಶಾಸನವು ಎಣಿಸದ ದೋಷವೊಂದು 2024ನೆಯ ಆಗಸ್ಟ್ 10ರ ರಾತ್ರಿ ಪ್ರಕಟವಾಯಿತು. ಅಣೆಕಟ್ಟಿಗೆ 33 ಬಾಗಿಲುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯ ತುಂಬಿ ತುಳುಕುತ್ತಿರುವಾಗ 19ನೆಯ ಬಾಗಿಲಿನ ಸರಪಣಿ ಕಡಿದು, ಬಾಗಿಲಿಗೆ ಬಾಗಿಲೇ ಕೊಚ್ಚಿಕೊಂಡು ಹೋಯಿತು. ಸುರ್ಕಿ ಗಾರೆಯ ಕಲ್ಲುಕಟ್ಟಡವು ಅಲುಗದೆ ನಿಂತಿತ್ತು. ಕೈಕೊಟ್ಟುದು ಒಂದು ಕೊಂಡಿ! ಕಟ್ಟೆಯ ಮೇಲಿನ ಒತ್ತಡ ತಗ್ಗಲೆಂದು ಮಿಕ್ಕ ಬಾಗಿಲುಗಳನ್ನೂ ಎತ್ತಬೇಕಾಯಿತು. ನೀರು ಬಾಗಿಲ ಹೊಸ್ತಿಲಿನ ಮಟ್ಟಕ್ಕಿಳಿಯುವವರೆಗೆ ರಿಪೇರಿಯೇ ಅಸಾಧ್ಯವೆಂದೂ, ಹಾಗಾದರೆ 60 ಟಿಎಂಸಿಗೂ ಮಿಕ್ಕ ನೀರು ಪೋಲಾಗುವುದೆಂದೂ ಭೀತಿ ಹುಟ್ಟಿತು. ನಾಟಿಯಾದ ಬತ್ತವು ಗದ್ದೆಯಲ್ಲಿತ್ತು.

ಆಗ ಬಂದವರು ಅಣೆಕಟ್ಟಿನ ಬಾಗಿಲುಗಳಲ್ಲಿ ಆಯುಷ್ಯ ಸವೆಸಿದ ವಯೋವೃದ್ಧ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರು. ಅವರ ಉಪಾಯ ಕೇಳುವುದಕ್ಕೆ ಸರಳವಾದುದು: ಇಪ್ಪತ್ತು ಅಡಿಯ ಬಾಗಿಲಿಗೆ ಬದಲಾಗಿ ನಾಲ್ಕು ನಾಲ್ಕು ಅಡಿ ಎತ್ತರದ ಐದು ಉಕ್ಕಿನ ಅಡ್ಡಹಲಗೆಗಳನ್ನು ಒಂದರ ಮೇಲೊಂದು ಇಳಿಸುವುದು. ಮಾಡುವುದೋ, ಭೋರ್ಗರೆಯುವ ಪ್ರವಾಹದಲ್ಲಿ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿಯೂ ಹೊಸಪೇಟೆಯ ಕಡೆಯ ಯಂತ್ರಶಾಲೆಗಳಲ್ಲಿಯೂ ಹಗಲಿರುಳೆನ್ನದೆ ಹಲಗೆಗಳು ಸಿದ್ಧವಾದವು. 16ರಂದು ಮೊದಲನೆಯದು ಕುಳಿತಿತು. 17ರಂದು ಐದೂ ಕುಳಿತವು. ಎಪ್ಪತ್ತು ಟಿಎಂಸಿಯಷ್ಟು ನೀರು ಉಳಿಯಿತು. ಕೆಲಸಗಾರರ ಎದೆಗಾರಿಕೆಯನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಇಂತಹ ಹಲಗೆಗಳು ಮೊದಲೇ ದಡದ ಮೇಲೆ ಸಿದ್ಧವಾಗಿದ್ದಿದ್ದರೆ ಆ ಎದೆಗಾರಿಕೆಯ ಅವಶ್ಯಕತೆಯೇ ಬೀಳುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ವಿಜಯನಗರದವರ ಅಣೆಗಳಿಗೆ ಈ ಭಯವಿರಲಿಲ್ಲ. ಅವು ನದಿಗೆ ಅಡ್ಡಲಾಗಿ ಬಂಡೆಗಳನ್ನು ಜೋಡಿಸಿದ ತಗ್ಗು ಒಡ್ಡುಗಳು; ಹೆಚ್ಚಿದ ನೀರು ಮೇಲೆ ಹಾಯ್ದುಹೋಗುವುದು; ಬಾಗಿಲೂ ಇಲ್ಲ, ಸರಪಣಿಯೂ ಇಲ್ಲ. ತುರ್ತು ಕಾಲುವೆಯು ಹಂಪೆಯ ಬಾಳೆತೋಟಗಳಿಗೆ ಈಗಲೂ ನೀರುಣಿಸುತ್ತಿದೆ. ರಾಯ, ಬಸವಣ್ಣ ಕಾಲುವೆಗಳ ಹಳೆಯ ಅಣೆ ಮಾತ್ರ ಜಲಾಶಯದಲ್ಲಿ ಮುಳುಗಿದುದರಿಂದ ಅವು ಈಗ ಹೊಸ ಅಣೆಕಟ್ಟಿನ ಮಕ್ಕಳು. ಹಳೆಯದನ್ನು ಹೊಗಳಿ ಹೊಸದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆ ಒಡ್ಡುಗಳು ತೋಯಿಸಿದ ನೆಲಕ್ಕೂ ಈ ಜಲಾಶಯ ತೋಯಿಸುವ ನೆಲಕ್ಕೂ ಹೋಲಿಕೆಯೇ ಇಲ್ಲ.

ಸುಮಾರು ಎಪ್ಪತ್ತು ವರ್ಷ ನೀರಿನಲ್ಲಿ ನಿಂತ ಮಿಕ್ಕ ಬಾಗಿಲುಗಳನ್ನು ನಂಬುವಂತಿರಲಿಲ್ಲ. 2025ರ ಮಳೆಗಾಲದಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಆ ವರ್ಷದ ಕೊನೆಯಲ್ಲಿ ಎಲ್ಲ ಬಾಗಿಲುಗಳನ್ನೂ ಬದಲಿಸುವ ಕಾರ್ಯಕ್ಕಾಗಿ ಎರಡನೆಯ ಬೆಳೆಗೆ ನೀರು ಬಿಡುವುದಿಲ್ಲವೆಂದು ನಿಶ್ಚಯವಾಯಿತು. ಗಂಗಾವತಿ, ಕಾರಟಗಿ, ಸಿಂಧನೂರುಗಳ ರೈತರಿಗೆ ಬೇಸಗೆಯ ಬತ್ತವೆಂದರೆ ವರ್ಷದ ಅರ್ಧ ಆದಾಯ. ನಾಟಿಯ ಕೂಲಿಯನ್ನೇ ನಂಬಿದ ಹೆಂಗಸರಿಗೆ ಅದು ಅರ್ಧ ವರ್ಷದ ಅನ್ನ. ಹಳೆಯ ಬಾಗಿಲುಗಳನ್ನು ಕಳಚುವ ಕೆಲಸ ಡಿಸೆಂಬರಿನಲ್ಲಿ ಮೊದಲಾಯಿತು.