ಮುಂಗಾರಿಗೆ ಮುಂಚೆ ಮನೆಯ ರಿಪೇರಿ, ಮನೆಗೆ ಬರುವ ನೆಂಟರು

ಭರಣಿ ಮಳೆ ಆಗಿಹೋಯಿತು. ಕೃತ್ತಿಕೆ ನಡೆಯುತ್ತಿದೆ. ಇನ್ನೊಂದು ವಾರಕ್ಕೆ ರೋಹಿಣಿ, ಅದರ ಬೆನ್ನಿಗೇ ಮೃಗಶಿರ. ವಾಡಿಕೆಯಂತೆ ಜೂನ್ 1ರ ಸುಮಾರಿಗೆ ಕೇರಳ ಮುಟ್ಟುವ ಮುಂಗಾರು ನಾಲ್ಕೈದು ದಿನ ಬಿಟ್ಟು ನಮ್ಮ ಕರಾವಳಿಗೆ ಬರುತ್ತದೆ, ಅಲ್ಲಿಂದ ಘಟ್ಟ ಹತ್ತಿ ಮಲೆನಾಡಿಗೆ ಇಳಿಯುತ್ತದೆ. ಬೀಜ, ಗೊಬ್ಬರ, ಔಷಧಿಯ ಮಾತನ್ನು ಈ ವೇಳೆಯಲ್ಲಿ ಎಲ್ಲರೂ ಆಡುತ್ತಾರೆ. ಮನೆಯ ಮಾತು ಮಾತ್ರ ಹಿಂದೆ ಬೀಳುತ್ತದೆ. ಗದ್ದೆ ಕೆಲಸಕ್ಕೇ ಆಳು ಸಿಕ್ಕದಿರುವಾಗ ಮಾಡು ಹತ್ತುವವನನ್ನು ಎಲ್ಲಿಂದ ತರೋಣ ಸ್ವಾಮಿ ಎನ್ನುತ್ತೀರಿ. ಅದೂ ಸರಿಯೇ. ಆದರೂ ಈ ಹೊತ್ತು ಮನೆಯ ಮಾತನ್ನೇ ಆಡೋಣ. ಮಾಡಿನಲ್ಲಿ ನೀರು ಇಳಿಯುವ ಸಂದು, ಗೋಡೆಯಲ್ಲಿ ಇಲಿ ನುಗ್ಗುವ ಬಿಲ, ಬಚ್ಚಲಿನಲ್ಲಿ ಹಾವು ಬರುವ ತೂತು, ಈ ಮೂರನ್ನೂ ಒಂದೇ ಸುತ್ತಿನಲ್ಲಿ ನೋಡಬಹುದು. ನೋಡಿದರೆ ಮನೆಯಲ್ಲಿರುವ ಭತ್ತವೂ ಉಳಿಯುತ್ತದೆ, ಕೆಲವು ಕಡೆ ಜೀವವೂ ಉಳಿಯುತ್ತದೆ.

ಮೊದಲು ಮಾಡಿಗೆ ಬರೋಣ. ತೀರ್ಥಹಳ್ಳಿ, ಕೊಪ್ಪ, ಸಾಗರದ ಕಡೆ ಒಂದು ಕಾಲಕ್ಕೆ ಸೋಗೆಯ ಮನೆ, ಹುಲ್ಲಿನ ಮನೆಗಳೇ ಹೆಚ್ಚು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದರು. ಆಮೇಲೆ ಆ ಕೆಂಪು ಹೆಂಚು ಘಟ್ಟ ಹತ್ತಿ ಬಂತು. ಅದರಲ್ಲಿ ಒಂದು ಜಾಣತನ ಉಂಟು. ಹೆಂಚಿನ ಅಂಚಿನಲ್ಲಿ ಸಣ್ಣ ಕಾಲುವೆಯಂಥ ಗೀರು. ಪಕ್ಕದ ಹೆಂಚಿನ ಏಣು ಅದರೊಳಗೆ ಬಂದು ಕೂರುತ್ತದೆ. ಅಡಿಭಾಗದ ಮೂಗು ರೀಪಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಮೊಳೆ ಬೇಡ, ಗಾರೆ ಬೇಡ. ಆದರೆ ಆ ಕಾಲುವೆಯಲ್ಲಿ ದರಗು, ಪಾಚಿ, ಮಣ್ಣು ತುಂಬಿತೋ, ನೀರಿಗೆ ಹರಿಯುವ ದಾರಿಯಿಲ್ಲದೆ ಏಣು ದಾಟಿ ಒಳಕ್ಕೆ ಇಳಿಯುತ್ತದೆ. ಹೆಂಚು ಒಡೆದಿಲ್ಲ, ಆದರೂ ಯಾಕೆ ಸೋರುತ್ತದೆ ಎಂದು ತಲೆ ಕೆರೆದುಕೊಳ್ಳುವುದು ಇಂಥ ಕಡೆಯಲ್ಲೇ. ಹೊಸ ಹೆಂಚಿಗೆ ದುಡ್ಡು ಕೊಡುವ ಮುಂಚೆ ಹಳೆಯದನ್ನು ಇಳಿಸಿ, ತೆಂಗಿನ ನಾರಿನಿಂದ ಉಜ್ಜಿ, ಮತ್ತೆ ಕೂರಿಸಿ ನೋಡಿರಿ.

ಎಲ್ಲಿ ಸೋರುತ್ತದೆ ಎಂದು ಗೊತ್ತುಮಾಡಿಕೊಳ್ಳುವುದು ಹ್ಯಾಗೆ? ಮಾಡು ಕೈಯಾಡಿಸಿ ಪಳಗಿದವರೊಂದಿಗೆ ಯಜಮಾನರ ಮಾತು ಹೀಗೆ ನಡೆಯುವುದುಂಟು:

“ಏಣಿ ತಂದಿದ್ದೀನಿ, ಮೇಲೆ ಹತ್ತೋ ಮಾರಾಯ.”

“ಮೇಲೆ ಆಮೇಲೆ ಹತ್ತಾಣ ಹೆಗ್ಡೇರೆ. ಮೊದ್ಲು ಅಟ್ಟ ಹತ್ತಾಣ. ಬಾಗ್ಲು ಹಾಕ್ಕಂಡು ಕತ್ತಲೆ ಮಾಡಿ ನಿಂತ್ರೆ ತೂತು ತಾನೇ ಕಾಣ್ಸತ್ತೆ.”

ಅನುಭವದ ಮಾತು. ನಡುಮಧ್ಯಾಹ್ನ ಬಿಸಿಲು ನೆತ್ತಿಯ ಮೇಲಿರುವಾಗ ಅಟ್ಟದ ಬಾಗಿಲು ಮುಚ್ಚಿ ಐದು ನಿಮಿಷ ಸುಮ್ಮನೆ ನಿಲ್ಲಿರಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಸೀಳಿದ ಹೆಂಚು, ಜಾರಿದ ಹೆಂಚು ಬೆಳಕಿನ ಚುಕ್ಕೆಯಾಗಿ ಕಾಣುತ್ತದೆ. ಅಲ್ಲಿನ ರೀಪಿಗೆ ಸುಣ್ಣದಲ್ಲೊಂದು ಗುರುತು ಹಾಕಿರಿ. ಒಂದೆರಡು ಹೆಂಚು ಬದಲಿಸುವುದಕ್ಕೆ ಮಾಡು ಹತ್ತಲೇಬೇಕೆಂದಿಲ್ಲ. ಅಟ್ಟದಲ್ಲೇ ನಿಂತು ಮೇಲಿನ ಸಾಲಿನ ಹೆಂಚನ್ನು ಸ್ವಲ್ಪ ಎತ್ತಿ ಹಿಡಿದು ಒಡೆದದ್ದನ್ನು ಎಳೆದು, ಹೊಸತನ್ನು ಒಳಗಿನಿಂದಲೇ ಸೇರಿಸಬಹುದು. ಹತ್ತಲೇಬೇಕಾದರೆ ಏಣಿಯನ್ನು ಮಾಡಿನ ಮೇಲೆ ಮಲಗಿಸಿ ಬಿಗಿದು ಕಟ್ಟಿ, ಅದರ ಮೇಲೆ ಕಾಲಿಡಿರಿ. ಬೆಳಗಿನ ಇಬ್ಬನಿಯಲ್ಲಿ, ಹನಿ ಮಳೆಯಲ್ಲಿ ಬೇಡವೇ ಬೇಡ. ಪಾಚಿ ಕಟ್ಟಿದ ಹೆಂಚು ಬೆಣ್ಣೆಗಿಂತ ಜಾರುತ್ತದೆ. ಅಟ್ಟದಲ್ಲಿರುವಾಗಲೇ ಎರಡು ಗಾಜಿನ ಹೆಂಚು ಹಾಕಿಸಿಕೊಂಡರೆ ಒಳ್ಳೆಯದು. ಬೆಳಕು ಬೀಳುವ ಮೂಲೆಯಲ್ಲಿ ಇಲಿ ಸಂಸಾರ ಹೂಡುವುದು ಕಡಿಮೆ.

ಹೆಂಚು ಒಡೆಯುವವರ ಪೈಕಿ ಮಂಗಗಳದ್ದೇ ಮೇಲುಗೈ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಸೂರಿನ ಮೇಲೆ ಬಾಗಿರುವ ಹಲಸಿನ ಕೊಂಬೆ, ಮಾವಿನ ಕೊಂಬೆಯನ್ನು ಸವರಿಬಿಡಿ. ಮಂಗಕ್ಕೂ ಇಲಿಗೂ ಅದೇ ಸೇತುವೆ. ಮಂಗದ ಮಾತು ಬಂದಾಗ ಇನ್ನೊಂದು ಸಂಗತಿ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಕಾಡಿನ ಉಣುಗು ಕಚ್ಚಿ ಅದು ಮನುಷ್ಯರಿಗೆ ಬರುತ್ತದೆ, ಬೇಸಿಗೆ ಮುಗಿಯುವ ತನಕ ಅದರ ಕಾಲ. ಮನೆಯ ಹತ್ತಿರ ಮಂಗ ಸತ್ತು ಬಿದ್ದಿದ್ದರೆ ಕೈಯಲ್ಲಿ ಮುಟ್ಟಿ ಎಸೆಯಬೇಡಿ; ಆರೋಗ್ಯ ಇಲಾಖೆಯವರಿಗೆ ತಿಳಿಸಿರಿ. ಕಾಡಿನಿಂದ ದರಗು ಗುಡಿಸಿ ತಂದು ಕೊಟ್ಟಿಗೆಗೆ ಹಾಸುವವರು ಮೈಕೈ ಮುಚ್ಚುವ ಬಟ್ಟೆ ತೊಟ್ಟು, ಮನೆಗೆ ಬಂದೊಡನೆ ಬಿಸಿನೀರಲ್ಲಿ ಸೋಪು ಹಾಕಿ ಮೈ ತೊಳೆಯುವುದನ್ನು ರೂಢಿ ಮಾಡಿಕೊಳ್ಳಬೇಕು.

ಅಟ್ಟದಲ್ಲಿ ಯಾರು ಯಾರು ಇದ್ದಾರೆ ಎಂದು ನೋಡದೆ ಸಂದು ಮುಚ್ಚಬಾರದು. ಹೆಂಚಿನ ಅಡಿಯಲ್ಲಿ ಗುಬ್ಬಿ ಗೂಡು ಕಟ್ಟಿರಬಹುದು. ಮರಿಯಿದ್ದರೆ ಎರಡು ವಾರ ಆ ಒಂದು ಜಾಗ ಬಿಡಿ, ಹಾರಿಹೋಗುತ್ತವೆ. ಇನ್ನು ರಾತ್ರಿ ಅಟ್ಟದಲ್ಲಿ ಉಸ್ಸೆಂದು ಹಾವು ಬುಸುಗುಟ್ಟಿದಂತೆ, ಯಾರೋ ಗೊರಕೆ ಹೊಡೆದಂತೆ ಸದ್ದು ಕೇಳಿ, ಮನೆಗೆ ಗಾಳಿ ಸೇರಿತು ಎಂದು ಹೆದರಿಕೊಂಡವರು ಎಷ್ಟೋ ಮಂದಿ. ಹೃದಯದ ಆಕಾರದ ಬಿಳಿ ಮುಖದ ಕಣಜದ ಗೂಬೆ ಅದು. ಅಪಶಕುನ ಎಂದು ಓಡಿಸುತ್ತಾರೆ. ನನ್ನ ಎಣಿಕೆಯಲ್ಲಿ ರೈತನ ಮನೆಗೆ ಅದಕ್ಕಿಂತ ಒಳ್ಳೆಯ ಶಕುನ ಬೇರೆ ಇಲ್ಲ. ಅದರ ಊಟವೆಲ್ಲ ಬಹುಮಟ್ಟಿಗೆ ಇಲಿ, ಹೆಗ್ಗಣದ ಮರಿ, ಚಿಕ್ಕಿಲಿ. ಕೂಲಿಯಿಲ್ಲದೆ ರಾತ್ರಿಯೆಲ್ಲ ಗದ್ದೆ ಕಾಯುವ ಆಳು. ಮರಿಗಳು ರೆಕ್ಕೆ ಬಲಿತು ಹಾರುವುದಕ್ಕೆ ಸುಮಾರು ಎರಡು ತಿಂಗಳು ಬೇಕು. ಅಲ್ಲಿಯತನಕ ಅದು ಬಂದುಹೋಗುವ ಕಿಂಡಿಯನ್ನು ಮುಚ್ಚದೆ, ಅದರ ಕೆಳಗಿನ ಮುಚ್ಚಿಗೆಯ ಮೇಲೆ ಒಂದು ಹಳೆಯ ಗೋಣಿ ಹಾಸಿಬಿಟ್ಟರೆ ಗಲೀಜಿನ ತೊಂದರೆಯೂ ಇರುವುದಿಲ್ಲ.

ಈಗ ಕೆಳಗೆ ಇಳಿಯೋಣ. ಹಾವಿನ ಮಾತು ಇಲ್ಲಿಯದು.

ಮಳೆ ಹಿಡಿದೊಡನೆ ಗದ್ದೆಯ ಬದುವಿನ ಬಿಲಗಳಿಗೆ ನೀರು ತುಂಬುತ್ತದೆ. ಇಲಿ ಒಣ ಜಾಗ ಹುಡುಕಿಕೊಂಡು ಪಣತದ ಹತ್ತಿರ ಬರುತ್ತದೆ, ಅಲ್ಲಿ ಚೆಲ್ಲಿದ ಭತ್ತ ಸಿಕ್ಕುತ್ತದೆ, ನಿಂತುಬಿಡುತ್ತದೆ. ಕಪ್ಪೆ ಬಚ್ಚಲಿಗೆ ಬರುತ್ತದೆ. ಇವೆರಡರ ಜಾಡು ಹಿಡಿದು ಹಾವು ಬರುತ್ತದೆ. ಹಾವಿಗೆ ನಮ್ಮ ಮೇಲೆ ಹಗೆಯಿಲ್ಲ, ಅದು ಬರುವುದು ಊಟಕ್ಕೆ. ಆದುದರಿಂದ ಹಾವಿನ ದಾರಿ ಕಟ್ಟಬೇಕಾದರೆ ಇಲಿಯ ದಾರಿ ಕಟ್ಟಬೇಕು. ಗೋಡೆಯ ಬುಡದ ಬಿಲಕ್ಕೆ ಬರಿಯ ಸೆಗಣಿಮಣ್ಣು ಮೆತ್ತಿದರೆ ಒಂದೇ ರಾತ್ರಿಯಲ್ಲಿ ಮತ್ತೆ ಕೊರೆಯುತ್ತದೆ. ಒಡೆದ ಗಾಜಿನ ಚೂರನ್ನು ಕಲ್ಲಿನ ಚೂರಿನೊಂದಿಗೆ ಒಳಗೆ ಜಡಿದು, ಮೇಲೆ ಸಿಮೆಂಟಿನ ಗಾರೆ ಹಾಕಿರಿ. ಬಚ್ಚಲ ನೀರು ಹೋಗುವ ಕೊಳವೆಯ ಬಾಯಿಗೆ ಕಾಲು ಅಂಗುಲ ಕಣ್ಣಿನ ತಂತಿಬಲೆ ಕಟ್ಟಿರಿ. ಬಾಗಿಲ ಕೆಳಗಿನ ಸಂದಿಗೆ ಒಂದು ಮರದ ಪಟ್ಟಿಯನ್ನೋ ಹಳೆಯ ಟೈರಿನ ರಬ್ಬರನ್ನೋ ಹೊಡೆಯಿರಿ. ಕಿರುಬೆರಳು ತೂರುವಷ್ಟು ಸಂದು ಮರಿಹಾವಿಗೆ ಹೆಬ್ಬಾಗಿಲು. ಮಳೆಗಾಲದ ಸೌದೆಯನ್ನು ಗೋಡೆಗೆ ಒರಗಿಸಿ ಒಟ್ಟುವ ರೂಢಿ ನಮ್ಮಲ್ಲಿ ಬಲವಾಗಿದೆ. ಒಂದೆರಡು ಮಾರು ದೂರದಲ್ಲಿ, ನೆಲದಿಂದ ಒಂದು ಅಡಿ ಎತ್ತರಕ್ಕೆ ಅಡಿಕೆ ದಬ್ಬೆಯ ಅಟ್ಟಳಿಗೆ ಮಾಡಿ ಒಟ್ಟುವುದು ಲೇಸು.

ಬಂದ ಹಾವೆಲ್ಲ ವಿಷದ್ದಲ್ಲ. ಕೇರೆ ಹಾವು ಇಲಿ ತಿಂದು ಬದುಕುವ ಬಡಪಾಯಿ, ಅದಕ್ಕೆ ವಿಷವೇ ಇಲ್ಲ. ಆದರೂ ದೊಣ್ಣೆಯ ಪೆಟ್ಟು ಹೆಚ್ಚು ತಿನ್ನುವುದು ಅದೇ. ಕಾಳಿಂಗ ಸರ್ಪ ಬೇರೆ. ಮಾರ್ಚಿಯಿಂದ ಮೇ ತನಕ ಅದರ ಕೂಡುವ ಕಾಲ, ಆಗ ಗಂಡು ಹೆಣ್ಣನ್ನು ಅರಸಿ ತೋಟ, ಕೊಟ್ಟಿಗೆಗಳ ಕಡೆ ಬರುವುದುಂಟು. ಹೆಣ್ಣು ದರಗನ್ನು ಮೈಯಿಂದಲೇ ಗುಡ್ಡೆ ಹಾಕಿ ಗೂಡು ಮಾಡಿ ಮೊಟ್ಟೆ ಇಡುತ್ತದೆ, ಕಾವಲೂ ಕೂರುತ್ತದೆ. ಬಿದಿರು ಮೆಳೆಯ ಬುಡದಲ್ಲಿ ಅಂಥ ರಾಶಿ ಕಂಡರೆ ಕೋಲಿನಿಂದ ಕೆದಕಬೇಡಿ. ಅದರ ಮುಖ್ಯ ಆಹಾರ ಬೇರೆ ಹಾವುಗಳು. ಆಗುಂಬೆಯಲ್ಲಿ 2005ರಲ್ಲಿ ರೊಮುಲಸ್ ವಿಟೇಕರ್ ಅವರು ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ ಇದರ ವಿಚಾರವಾಗಿ ಬಹಳ ಕೆಲಸ ನಡೆದಿದೆ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮಘಟ್ಟದ ಈ ಹಾವು ಬೇರೆಯೇ ಒಂದು ಜಾತಿ ಎಂದು ತೋರಿಸಿ, ಅದರ ಶಾಸ್ತ್ರೀಯ ಹೆಸರಿಗೆ ನಮ್ಮ ‘ಕಾಳಿಂಗ’ ಎಂಬ ಮಾತನ್ನೇ ಇಟ್ಟರು. ಕೇಳಿದರೆ ಸಂತೋಷವಾಗುತ್ತದೆ. ಮನೆಯೊಳಗೆ ಬಂದರೆ ಮಾತ್ರ ಸಂತೋಷಪಡದೆ, ದೂರ ನಿಂತು ಅರಣ್ಯ ಇಲಾಖೆಯವರಿಗೆ ಫೋನು ಮಾಡಿರಿ.

ನಿಜವಾಗಿ ಹೆದರಬೇಕಾದದ್ದು ಚಿಕ್ಕದಕ್ಕೆ. ಕಟ್ಟುಹಾವು, ಕೆಲವರು ಕಡಂಬಳ ಎನ್ನುತ್ತಾರೆ, ಕರಿಯ ಮೈಯ ಮೇಲೆ ತೆಳುವಾದ ಬಿಳಿ ಪಟ್ಟೆ. ಹಗಲು ಮುದುರಿಕೊಂಡು ಬಿದ್ದಿರುತ್ತದೆ, ರಾತ್ರಿ ಸಂಚಾರ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಪಕ್ಕಕ್ಕೆ ಬಂದು, ಮಗ್ಗುಲು ಬದಲಿಸುವಾಗ ಕಚ್ಚುತ್ತದೆ. ನೋವು ಕಡಿಮೆ, ಊತ ಇಲ್ಲ, ಹಲ್ಲಿನ ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ಇರುವೆ ಕಚ್ಚಿತು ಎಂದು ಮಲಗಿದವರು ಬೆಳಗಿನ ಜಾವ ಹೊಟ್ಟೆನೋವೆಂದು ಏಳುತ್ತಾರೆ. ರೆಪ್ಪೆ ಜೋಲುತ್ತದೆ, ಎಂಜಲು ನುಂಗುವುದಕ್ಕೆ ಕಷ್ಟ, ಮಾತು ತೊದಲುತ್ತದೆ, ಆಮೇಲೆ ಉಸಿರಿಗೇ ಕುತ್ತು. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿ ಎದ್ದವರಿಗೆ ಹೀಗಾದರೆ ಹಾವು ಕಾಣದಿದ್ದರೂ ಹಾವೆಂದೇ ತಿಳಿದು ಹೊರಡಬೇಕು. ಮಂಚದ ಮೇಲೆ ಮಲಗುವುದು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸುವುದು ಬಹಳ ದೊಡ್ಡ ರಕ್ಷಣೆ. ಮಂಚವಿಲ್ಲದವರೂ ಪರದೆಯನ್ನು ಚಾಪೆಯಡಿಗೆ ಸಿಕ್ಕಿಸಿದರೆ ಆಯಿತು.

2000ದಿಂದ 2019ರ ವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ 58,000ದಷ್ಟು ಜನ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಬಹುಪಾಲು ಹಳ್ಳಿಯವರು, ಸುಮಾರು ಅರ್ಧ ಸಾವು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಸೊಪ್ಪಿನ ರಸ ಹಚ್ಚುತ್ತ ಕೂರುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಕಚ್ಚಿದ ಕೈಯನ್ನೋ ಕಾಲನ್ನೋ ಒಂದು ದಬ್ಬೆಗೆ ಬಟ್ಟೆಯಿಂದ ಸಡಿಲವಾಗಿ ಕಟ್ಟಿ, ಅಲುಗಾಡದಂತೆ ಮಲಗಿಸಿ 108ಕ್ಕೆ ಫೋನು ಮಾಡಿರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಮದ್ದು ಆಸ್ಪತ್ರೆಯಲ್ಲಿ ಉಂಟು. ಆದಕಾರಣ ಹಾವನ್ನು ಹೊಡೆದು ಹಿಡಿದುಕೊಂಡು ಹೋಗುವ ಅಗತ್ಯವಿಲ್ಲ. ಆ ಗಡಿಬಿಡಿಯಲ್ಲಿ ಇನ್ನೊಬ್ಬರಿಗೆ ಕಚ್ಚಿದ್ದುಂಟು.

ಹೆದರಿಕೆಯ ಮಾತೇ ಬಹಳವಾಯಿತು. ಮಳೆಯ ಮುಂಚಿನ ಈ ದಿನಗಳಲ್ಲಿ ಕಣ್ಣಿಗೆ ಹಬ್ಬವೂ ಉಂಟಲ್ಲ! ಸಂಜೆ ಕೆಲಸ ಮುಗಿಸಿ ಜಗಲಿಯಲ್ಲಿ ಕೂತರೆ ತೋಟದ ತುಂಬ ಮಿಂಚುಹುಳು. ಮೊದಲ ದೊಡ್ಡ ಮಳೆಯ ಮರುದಿನ ಗದ್ದೆಯ ನೀರಿನಲ್ಲಿ ಗಂಡು ಗೊಂಕರುಕಪ್ಪೆ ಅರಿಸಿನ ಬಳಿದಂತೆ ಹಳದಿಯಾಗಿ, ಗಂಟಲ ಎರಡು ಕಡೆಯೂ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿರಿ. ಗದ್ದೆಯ ಹುಳು ತಿನ್ನುವ ಕಪ್ಪೆಯ ಕಾಲನ್ನು ಹೊರದೇಶಕ್ಕೆ ಕಳಿಸುವ ವ್ಯಾಪಾರವನ್ನು ನಮ್ಮ ದೇಶ 1987ರಲ್ಲಿ ನಿಲ್ಲಿಸಿತು.

ಆ ಮೊದಲ ಮಳೆಯ ಸಂಜೆಗೇ ರೆಕ್ಕೆಯ ಗೆದ್ದಲು ಏಳುತ್ತದೆ. ದೀಪಕ್ಕೆ ಮುತ್ತಿ ಊಟಕ್ಕೆ ಕೂರಗೊಡುವುದಿಲ್ಲ. ದೀಪ ಆರಿಸಿ ಅರ್ಧ ಗಂಟೆ ಕಾದರೆ ಹೋಗುತ್ತದೆ. ಆದರೆ ಆರಿಸುವ ಮುಂಚೆ ಒಂದು ಕೆಲಸ ಮಾಡಿ. ಅವು ಎಲ್ಲಿಂದ ಏಳುತ್ತಿವೆ ನೋಡಿರಿ. ಅಂಗಳದಿಂದ ಬಂದರೆ ಚಿಂತೆಯಿಲ್ಲ. ಗೋಡೆಯ ಬಿರುಕಿನಿಂದ, ಬಾಗಿಲ ಚೌಕಟ್ಟಿನ ಬುಡದಿಂದ ಸಾಲಾಗಿ ಹೊರಡುತ್ತಿದ್ದರೆ ಮನೆಯೊಳಗೇ ಗೂಡಿದೆ ಎಂದರ್ಥ. ವರ್ಷಕ್ಕೊಮ್ಮೆ ಗೆದ್ದಲು ತಾನಾಗಿ ತನ್ನ ವಿಳಾಸ ಕೊಡುವ ಹೊತ್ತು ಅದು. ಮರುದಿನ ಅಲ್ಲಿ ಚೌಕಟ್ಟನ್ನು ಉಳಿಯ ಹಿಡಿಯಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಆ ತುಂಡು ತೆಗೆದು, ಹೊಸ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಕೂರಿಸಬೇಕು. ಆ ಎಣ್ಣೆ ಚರ್ಮ ಸುಡುತ್ತದೆ, ಬರಿಗೈಯಲ್ಲಿ ಮುಟ್ಟಬಾರದು. ಕಂಬವಾದರೆ ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿರಿ.

ಕೆಲಸವೆಲ್ಲ ಮುಗಿದ ಮೇಲೆ ಹತ್ತಿಪ್ಪತ್ತು ಹೆಂಚು ಉಳಿಯುತ್ತದೆ. ಅದನ್ನು ಹಿತ್ತಿಲ ಗೋಡೆಯ ಮೂಲೆಗೆ ರಾಶಿ ಹಾಕಿದಿರೋ, ಚೇಳಿಗೂ ಕಟ್ಟುಹಾವಿಗೂ ಹೊಸ ಮನೆ ಕಟ್ಟಿಕೊಟ್ಟಂತೆ. ಕೊಟ್ಟಿಗೆಯ ಪಕ್ಕ ಎರಡು ಕಲ್ಲಿನ ಮೇಲೆ ಹಲಗೆಯಿಟ್ಟು, ಸಾಲಾಗಿ ನಿಲ್ಲಿಸಿ ಇಡಿರಿ. ಆಷಾಢದ ಗಾಳಿಗೆ ಹೆಂಚು ಹಾರಿದಾಗ ತೆಗೆಯುವುದಕ್ಕೆ ಹೋದರೆ, ಕೈ ಹಾಕುವ ಮುಂಚೆ ಟಾರ್ಚು ಬಿಟ್ಟು ನೋಡಿ, ಒಂದು ಕೋಲಿನಿಂದ ತಟ್ಟಿ ತೆಗೆಯಿರಿ.