ಕಪ್ಪು ಸಮುದ್ರಕ್ಕೆ ಬಂದ ಕರೆಯದ ಅತಿಥಿ

ಶತ್ರುವೆಂದರೆ ಕತ್ತಿ ಹಿರಿದು ಬರುವವನೆಂಬುದೇ ಸಾಮಾನ್ಯರ ಭಾವನೆ. ಎಲುಬಿಲ್ಲದ, ಮಿದುಳಿಲ್ಲದ, ಅಂಗೈಯಗಲದ ಒಂದು ಲೋಳೆಯ ಪ್ರಾಣಿಯು ಸಹಸ್ರಾರು ಬೆಸ್ತರ ಅನ್ನವನ್ನು ಕಸಿದುಕೊಂಡಿತೆಂದರೆ ನಂಬುವವರು ವಿರಳ. ಆದರೆ ಕಪ್ಪು ಸಮುದ್ರದಲ್ಲಿ ನಡೆದ ಸಂಗತಿಯನ್ನು ನಮ್ಮ ವಾಚಕರು ವಿಚಾರ ಮಾಡತಕ್ಕದ್ದಾಗಿದೆ.

ಈ ಪ್ರಾಣಿಯ ಶಾಸ್ತ್ರೀಯ ನಾಮವು ನೀಮಿಯಾಪ್ಸಿಸ್ ಲೀಡಿಯೈ. ಮೈಮೇಲೆ ಬಾಚಣಿಗೆಯ ಹಲ್ಲುಗಳಂತಿರುವ ಎಂಟು ಸಾಲುಗಳನ್ನು ಬಡಿಯುತ್ತ ಈಜುವುದರಿಂದ ಇದು ಬಾಚಣಿಗೆ ಲೋಳೆಜೀವಿಗಳ ವರ್ಗಕ್ಕೆ ಸೇರಿದುದು. ಅಮೇರಿಕೆಯ ಅಟ್ಲಾಂಟಿಕ್ ಕರಾವಳಿಯೇ ಇದರ ತವರು. ಸರಕಿಲ್ಲದ ಹಡಗುಗಳು ಓಲಾಡದಿರಲೆಂದು ಒಡಲಲ್ಲಿ ತುಂಬಿಕೊಳ್ಳುವ ನೀರಿನೊಡನೆ ಇದು ಸಾಗರವನ್ನು ದಾಟಿ ಬಂದಿತು. 1982ರಲ್ಲಿ ಕಪ್ಪು ಸಮುದ್ರದಲ್ಲಿ ಮೊದಲು ಕಾಣಿಸಿಕೊಂಡಿತು. ಗಂಡು ಹೆಣ್ಣುಗಳೆರಡೂ ಒಂದೇ ದೇಹದಲ್ಲಿರುವುದರಿಂದ ಒಂಟಿ ಜೀವಿಯೂ ದಿನಕ್ಕೆ ಸಾವಿರಾರು ತತ್ತಿಗಳನ್ನಿಡಬಲ್ಲದು. 1989ರ ಹೊತ್ತಿಗೆ ಸಮುದ್ರವೆಲ್ಲ ಇದರಿಂದ ತುಂಬಿಹೋಯಿತು.

ಇದರ ಆಹಾರವು ಪ್ರಾಣಿಪ್ಲವಕ. ಅಂದರೆ ನೀರಿನಲ್ಲಿ ತೇಲುವ ಅತಿ ಸೂಕ್ಷ್ಮ ಪ್ರಾಣಿಸಮೂಹ. ಸಮುದ್ರದ ಸೂಕ್ಷ್ಮ ಸಸ್ಯಗಳನ್ನು ತಿಂದು ತಾನು ಮೀನಿಗೆ ಆಹಾರವಾಗುವ ಈ ಸಮೂಹವೇ ಜಲಧಿಯ ಸಂಸಾರಕ್ಕೆ ನಡುಗಂಬ. ಆ ಕಂಬವೇ ಕುಸಿಯಿತು. ಮೇಲ್ಪದರದ ಬೆಚ್ಚನೆಯ ನೀರಿನಲ್ಲಿದ್ದ ಓಯಿಥೋನಾ ನಾನಾ ಎಂಬ ಕಿರುಜೀವಿಯು ಬಹುಮಟ್ಟಿಗೆ ಅಳಿದೇ ಹೋಯಿತು. ಆಳದ ತಣ್ಣೀರನ್ನಾಶ್ರಯಿಸುವ ಕ್ಯಾಲನಸ್‌ನಂತಹವುಗಳಿಗೆ ಅಷ್ಟು ಹಾನಿ ತಟ್ಟಲಿಲ್ಲ. ಯಾತಕ್ಕೆಂದರೆ ಶತ್ರುವು ಅಷ್ಟು ಕೆಳಗಿಳಿಯುವುದಿಲ್ಲ.

ತುರ್ಕರು ಹಂಸಿ ಎಂದು ಕರೆಯುವ ಆಂಚೊವಿ ಮೀನಿಗೆ ಎರಡು ಪೆಟ್ಟುಗಳು ಬಿದ್ದವು. ಮೇವು ಹೋಯಿತು, ತತ್ತಿ ಮರಿಗಳೂ ಆ ಲೋಳೆಯ ಹೊಟ್ಟೆ ಸೇರಿದವು. 80ರ ದಶಕದ ಕೊನೆಯಲ್ಲಿ ಮೀನುಗಾರಿಕೆಯು ನೆಲಕಚ್ಚಿತು. ಆದರೆ ದೋಷವೆಲ್ಲವನ್ನೂ ಅತಿಥಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಮಿತಿಮೀರಿ ಮೀನು ಹಿಡಿದವರು ಮನುಷ್ಯರು. ಡ್ಯಾನ್ಯೂಬ್ ನದಿಗೆ ಹೊಲದ ಗೊಬ್ಬರವನ್ನೂ ಊರಿನ ಕೊಳೆಯನ್ನೂ ಹರಿಯಬಿಟ್ಟವರೂ ಮನುಷ್ಯರೇ. ಮನೆಯು ಮೊದಲೇ ಶಿಥಿಲವಾಗಿತ್ತು.

1997ರಲ್ಲಿ ಬೆರೋಯೆ ಓವಾಟಾ ಎಂಬ ಇನ್ನೊಂದು ಬಾಚಣಿಗೆ ಲೋಳೆಜೀವಿಯು ಅಲ್ಲಿ ಕಾಣಿಸಿಕೊಂಡು ಮೊದಲನೆಯದನ್ನು ತಿನ್ನತೊಡಗಿತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆದಂತಾಯಿತು. ಪ್ಲವಕವೂ ಮೀನಿನ ಮರಿಯೂ ಚೇತರಿಸಿಕೊಂಡವು. ಇದು ದೈವಯೋಗವೇ ಹೊರತು ಮನುಷ್ಯನ ಜಾಣ್ಮೆಯಲ್ಲ. ಅಷ್ಟರಲ್ಲಿ ಉಪದ್ರವವು ವೋಲ್ಗಾ-ಡಾನ್ ಕಾಲುವೆಯ ಹಡಗುಗಳ ದಾರಿ ಹಿಡಿದು, 1999ರಲ್ಲಿ ಕ್ಯಾಸ್ಪಿಯನ್ ಸಮುದ್ರವನ್ನೂ ಹೊಕ್ಕಿತ್ತು. ಅಲ್ಲಿಯ ಕಿಲ್ಕಾ ಮೀನುಗಾರರೂ ಅದೇ ಗೋಳನ್ನುಂಡರು.

ಹಡಗಿನ ಒಡಲ ನೀರನ್ನು ಶುದ್ಧಗೊಳಿಸಿಯೇ ಚೆಲ್ಲಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದವು 2004ರಲ್ಲಿ ಹುಟ್ಟಿ 2017ರಲ್ಲಿ ಜಾರಿಗೆ ಬಂದಿತು. ಅತಿಥಿಯು ಬಂದು 35 ವರ್ಷಗಳಾದ ಮೇಲೆ! ಮಂಗಳೂರಿನ ಬಂದರಕ್ಕೂ ಪರದೇಶದ ಹಡಗುಗಳು ಬರುತ್ತಿವೆ; ನಮ್ಮ ಕರಾವಳಿಯ ಬಂಗುಡೆ ಬೂತಾಯಿಗಳೂ ಪ್ಲವಕವನ್ನೇ ನಂಬಿ ಬದುಕುವಂಥವು. ಸಮುದ್ರಕ್ಕೆ ಒಮ್ಮೆ ಹೊಕ್ಕುದನ್ನು ಹೊರಗಟ್ಟುವ ಉಪಾಯವು ಯಾವ ಸರಕಾರದ ಬಳಿಯಲ್ಲಿಯೂ ಇಲ್ಲ. ಆದುದರಿಂದ ಬಂದರಿನ ಅಧಿಕಾರಿಗಳ ಎಚ್ಚರವೇ ಬೆಸ್ತನ ಬಲೆಗೆ ಕಾವಲೆಂದು ನಾವು ತಿಳಿಯುತ್ತೇವೆ.